ಮೋರ್ಯರ ಗುಡ್ಡದ ಮೇಲೆ ಪಯಣ ಮುಗಿದಾಗ



ಬೆಟ್ಟ ಹತ್ತುವವರೆಲ್ಲರ ಮನಸ್ಸಿನಲ್ಲಿಯೂ ಒಂದು ತುದಿ ಇರುತ್ತದೆ. ಆನೆಗುಂದಿಯ ಸಮೀಪದ ಅಂಜನಾದ್ರಿಯನ್ನು ಹತ್ತುವವರಿಗೆ 575 ಮೆಟ್ಟಿಲುಗಳ ಕೊನೆಯಲ್ಲಿ ಗುಡಿಯಿದೆ. ಕೊಪ್ಪಳದ ದುರ್ಗವನ್ನು ಹತ್ತುವವರಿಗೆ ಕೋಟೆಯ ಬುರುಜಿದೆ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಹಿರೇಬೆಣಕಲ್ ಗ್ರಾಮದ ಗುಡ್ಡವನ್ನು ಹತ್ತಿದವರಿಗೆ ಕೊನೆಯಲ್ಲಿ ಸಿಗುವುದು ಗುಡಿಯೂ ಅಲ್ಲ, ಕೋಟೆಯೂ ಅಲ್ಲ. ಅಲ್ಲಿರುವುದು ಮನೆಗಳು, ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಮನೆಗಳು. ಅವುಗಳ ಸಂಖ್ಯೆ ಸುಮಾರು 400. ಅವು ಬದುಕಿದ್ದವರಿಗಾಗಿ ಕಟ್ಟಿದ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು.

ಆ ಗುಡ್ಡದವರೆಗೆ ನಾಲ್ಕು ದಿನಗಳ ಕಾಲ್ನಡಿಗೆಗೆ ಈ ಲೇಖನ ನಿಮ್ಮನ್ನು ಕರೆಯುತ್ತದೆ. ಕೊಪ್ಪಳದಿಂದ ಬಸ್ಸು ಹಿಡಿದರೆ ಅದು ಸುಮಾರು ಒಂದು ಗಂಟೆಯ ದಾರಿ. ನಡೆದರೆ ಮುಕ್ಕಾಲು ಪಾಲು ನಲವತ್ತು ಕಿಲೋಮೀಟರ್ ಅಲ್ಲದೆ ಮೇಲೊಂದು ಗುಡ್ಡ. ನಡೆದೇ ಹೋಗಿರೆಂದು ಹೇಳಲು ಕಾರಣವಿದೆ. ಆ ಮನೆಗಳನ್ನು ಕಟ್ಟಿದವರು ಪ್ರತಿಯೊಂದು ಕಲ್ಲನ್ನೂ ದೇಹಬಲದಿಂದಲೇ ಸಾಗಿಸಿದರು. ದಣಿದ ಕಾಲುಗಳಿಂದ ಅಲ್ಲಿಗೆ ತಲುಪಿದವರಿಗೆ ಮಾತ್ರ ಆ ಶ್ರಮದ ಒಂದು ಅಂಶವಾದರೂ ಅರಿವಿಗೆ ಬರುತ್ತದೆ. ಋತುವೂ ಅನುಕೂಲಕರವಾದುದನ್ನೇ ಆರಿಸಿಕೊಳ್ಳೋಣ. ನವೆಂಬರ್ ತಿಂಗಳಿನಲ್ಲಿ ನಮ್ಮ ಸೀಮೆಯಲ್ಲಿ ಮಳೆ ಹಿಂದೆಗೆದಿರುತ್ತದೆ, ಬಿಸಿಲು ಇನ್ನೂ ಉಗ್ರವಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಧರ್ಮಸಭೆಯು ಮೃತರಿಗಾಗಿ ಮೀಸಲಿಟ್ಟ ತಿಂಗಳು.

ಮೊದಲ ದಿನ: ಮಾತನಾಡುವ ಬಂಡೆಗಳು

ಪಯಣವನ್ನು ಕೊಪ್ಪಳದ ಗವಿಮಠದ ಗುಡ್ಡದಿಂದ ಪ್ರಾರಂಭಿಸೋಣ. ಜನವರಿಯ ಜಾತ್ರೆಯಲ್ಲಿ ಲಕ್ಷಾಂತರ ಜನರಿಗೆ ಅನ್ನದಾಸೋಹ ನಡೆಯುವ ಸ್ಥಳವೆಂದು ಇದು ನಿಮಗೆಲ್ಲರಿಗೂ ಪರಿಚಿತ. ಇದೇ ಗುಡ್ಡದ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿದೆ. ಸ್ವಲ್ಪ ದೂರದ ಇನ್ನೊಂದು ಗುಡ್ಡವಾದ ಪಾಲ್ಕಿಗುಂಡಿನಲ್ಲಿ ಅದೇ ಶಾಸನದ ಮತ್ತೊಂದು ಪ್ರತಿಯಿದೆ. ಎರಡು ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಮೇಲ್ಛಾವಣಿಯಂತೆ ಕುಳಿತಿರುವುದರಿಂದ ಆ ಹೆಸರು ಬಂದಿದೆ. ಎರಡೂ ಶಾಸನಗಳು ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಅದಕ್ಕೆ ಹದಿನಾರು ವರ್ಷಗಳ ಹಿಂದೆ, 1915ರಲ್ಲಿ, ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವು 'ಅಶೋಕ' ಎಂಬ ಹೆಸರನ್ನೇ ಹೊತ್ತಿದ್ದು, ದೇವಾನಾಂಪ್ರಿಯನೆಂಬ ಬಿರುದಿನ ಅರಸ ಯಾರೆಂಬುದನ್ನು ಖಚಿತಪಡಿಸಿತ್ತು.

ಈ ಶಾಸನದಲ್ಲಿ ಅರಸನು ತನ್ನ ಬಗ್ಗೆ ಒಂದು ತಪ್ಪೊಪ್ಪಿಗೆಯಂತಹ ಮಾತನ್ನು ಹೇಳಿಕೊಂಡಿದ್ದಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ಮೊದಲಿಗೆ ಸಾಕಷ್ಟು ಪ್ರಯತ್ನ ಮಾಡಲಿಲ್ಲವೆಂದೂ, ಸಂಘದ ಸನಿಹಕ್ಕೆ ಬಂದ ಬಳಿಕ ಶ್ರಮಿಸಿದೆನೆಂದೂ ಆತ ತಿಳಿಸುತ್ತಾನೆ. ಪ್ರಯತ್ನದ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವರಿಗೂ ಅದು ಲಭ್ಯ ಎಂಬುದು ಅವನ ಸಂದೇಶದ ತಿರುಳು. ಈ ಶಾಸನದ ಹಲವು ಪ್ರತಿಗಳಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ಅರಸನು ಪಯಣದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಅನೇಕ ವಿದ್ವಾಂಸರು ಅರ್ಥೈಸಿದ್ದಾರೆ. ನಮ್ಮ ನಾಲ್ಕು ದಿನಗಳ ನಡಿಗೆಯನ್ನು ದೊಡ್ಡದೆಂದು ಭಾವಿಸುವ ಮುನ್ನ ಇದನ್ನು ನೆನೆಯಬಹುದು.

ಪಾಲ್ಕಿಗುಂಡಿನಲ್ಲಿಯೇ ಬಂಡೆಯ ಮೇಲೆ ಕೆತ್ತಿದ ಒಂದು ಜೊತೆ ಪಾದಗಳಿವೆ. ಅವು 'ವರಾಂಗಚರಿತ' ಎಂಬ ಸಂಸ್ಕೃತ ಕಾವ್ಯವನ್ನು ಬರೆದ ಜೈನಮುನಿ ಜಟಾಸಿಂಹನಂದಿಯ ಪಾದಗಳೆಂದೂ, ಅವುಗಳನ್ನು ಮಾಡಿಸಿದವನು ಚಾವಯ್ಯನೆಂದೂ ಅಲ್ಲಿನ ಹಳಗನ್ನಡದ ಬರಹ ಹೇಳುತ್ತದೆ. ಕೊಪಣವೆಂದು ಪ್ರಸಿದ್ಧವಾಗಿದ್ದ ಈ ಊರಿಗೆ ಜೈನಕಾಶಿ ಎಂಬ ಕೀರ್ತಿಯಿತ್ತು. ಆಹಾರವನ್ನು ತೊರೆದು ಸಾವನ್ನು ಶಾಂತವಾಗಿ ಎದುರುಗೊಳ್ಳುವ ಸಲ್ಲೇಖನ ವ್ರತವನ್ನು ಇಲ್ಲಿ ಕೈಗೊಂಡವರ ಸ್ಮಾರಕಗಳು ಹಲವು.

ಈ ದಿನದ ಬಂಡೆಗಳೆಲ್ಲವೂ ಮಾತನಾಡುತ್ತವೆ ಎಂಬುದನ್ನು ಗಮನಿಸಿರಿ. ಅರಸನು ಏನು ಹೇಳಿದನೆಂಬುದು ನಮಗೆ ಗೊತ್ತು. ಮುನಿಯ ಹೆಸರು ಗೊತ್ತು, ಪಾದಗಳನ್ನು ಮಾಡಿಸಿದ ಭಕ್ತನ ಹೆಸರೂ ಗೊತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನಡೆಯೋಣ. ನಾವು ತಲುಪಲಿರುವ ಗುಡ್ಡದ ಮನೆಗಳ ಮೇಲೆ ಕಟ್ಟಿದವರ ಹೆಸರಾಗಲಿ, ಅಲ್ಲಿ ಮಲಗಿದವರ ಹೆಸರಾಗಲಿ ಇಲ್ಲ.

ಎರಡನೆಯ ಮತ್ತು ಮೂರನೆಯ ದಿನ: ದಾರಿಯುದ್ದಕ್ಕೂ

ಕೊಪ್ಪಳದಿಂದ ಪೂರ್ವಕ್ಕೆ, ಬೂದಗುಂಪಾ ಮಾರ್ಗವಾಗಿ, ಎರಡು ದಿನಗಳ ನಡಿಗೆ. ಮೊದಲು ಮಳೆಯಾಶ್ರಿತ ಹೊಲಗಳು ಎದುರಾಗುತ್ತವೆ. ಜೋಳ, ಸಜ್ಜೆ, ಶೇಂಗಾ ಬೆಳೆಯುವ ನೆಲ. ಗಂಗಾವತಿಯ ಕಡೆ ಸಾಗಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣಿಸುತ್ತದೆ, ನೆಲದ ಬಣ್ಣವೇ ಬದಲಾಗುತ್ತದೆ. 1953ರಲ್ಲಿ ಅಣೆಕಟ್ಟಿನ ಕೆಲಸ ಪೂರ್ಣಗೊಂಡ ಬಳಿಕ ಈ ಭಾಗವು ಭತ್ತದ ಕಣಜವಾಯಿತು. ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಬದುಕನ್ನು ಎರಡೇ ದಿನಗಳಲ್ಲಿ ಕಾಲ್ನಡಿಗೆಯವನು ಕಾಣುತ್ತಾನೆ.

ಎತ್ತ ನೋಡಿದರೂ ಬಂಡೆಗಳ ಗುಡ್ಡಗಳು. ಯಾರೋ ಗುಂಡುಗಳನ್ನು ತಂದು ಪೇರಿಸಿಟ್ಟಿರುವಂತೆ ತೋರಿದರೂ ಇದು ನಿಸರ್ಗದ ಕೆಲಸ. ನಮ್ಮ ಭೂಮಿಯ ಅತ್ಯಂತ ಪುರಾತನ ಶಿಲೆಗಳಲ್ಲಿ ಸೇರಿದ ಈ ಗ್ರಾನೈಟು ಕೋಟ್ಯಂತರ ವರ್ಷಗಳಿಂದ ಬಿಸಿಲು, ಚಳಿ, ಮಳೆಗಳಿಗೆ ಸಿಲುಕಿ ಬಿರುಕು ಬಿಟ್ಟಿದೆ. ಕೆಲವು ಕಡೆ ಅದು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಎದ್ದು ಬರುತ್ತದೆ. ಈ ಪದರಗಳನ್ನು ಚೆನ್ನಾಗಿ ನೋಡಿಕೊಳ್ಳಿರಿ. ಗುಡ್ಡದ ಮೇಲಿನ ಮನೆಗಳು ಸಾಧ್ಯವಾದದ್ದು ಇವುಗಳಿಂದಲೇ.

ನಡೆಯುತ್ತಾ ಮಾತನಾಡಲು ಇಟಗಿಯ ಸಂಗತಿಯನ್ನು ತೆಗೆದುಕೊಳ್ಳಬಹುದು. ಯಲಬುರ್ಗಾ ಸೀಮೆಯ ಓದುಗರಿಗೆ ಅಲ್ಲಿನ ಮಹಾದೇವ ದೇವಾಲಯ ಪರಿಚಿತ. ಆ ಊರು ಇಂದು ಕುಕನೂರು ತಾಲ್ಲೂಕಿಗೆ ಸೇರಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ.ಶ. 1112ರಲ್ಲಿ ಅದನ್ನು ಕಟ್ಟಿಸಿದನು. ಅಲ್ಲಿನ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದೆ. ತನ್ನ ತಂದೆತಾಯಿಯರ ಸ್ಮರಣೆಗಾಗಿಯೂ ಅವನು ಗುಡಿಗಳನ್ನು ಕಟ್ಟಿಸಿದನು. ಅಧಿಕಾರ ಮತ್ತು ಸಂಪತ್ತು ಇದ್ದವನು ತನ್ನ ಹಿರಿಯರ ನೆನಪನ್ನು ಕಲ್ಲಿನಲ್ಲಿ ಉಳಿಸಿದನು. ತನ್ನ ಹೆಸರನ್ನೂ ಉಳಿಸಿಕೊಂಡನು. ಆ ಕಲ್ಲುಗಳನ್ನು ಹೊತ್ತವರ ತಂದೆತಾಯಿಯರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ.

ಈ ದಾರಿಗಳಲ್ಲಿ ಇನ್ನೂ ಒಂದು ಪಯಣವುಂಟು. ಅದನ್ನು ನಾವು ಗುಳೆ ಎಂದು ಕರೆಯುತ್ತೇವೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಿಂದ ಸಂಸಾರ ಸಂಸಾರಗಳೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವೆಯ ಕಡೆಗೆ ಹೊರಡುತ್ತವೆ. ಮುದುಕರು ಮನೆ ಕಾಯಲು ಉಳಿಯುತ್ತಾರೆ. ಹೋದವರು ಅಲ್ಲಿ ಇಟ್ಟಿಗೆ, ಮರಳು, ಕಲ್ಲು ಹೊತ್ತು ಇತರರ ಮನೆಗಳನ್ನು ಕಟ್ಟುತ್ತಾರೆ. ಮೂರನೆಯ ದಿನದ ಸಂಜೆ ಹಿರೇಬೆಣಕಲ್ ತಲುಪಿ ವಿಶ್ರಮಿಸುವಾಗ ಈ ಸಂಗತಿಯೂ ನಿಮ್ಮ ಮನಸ್ಸಿನಲ್ಲಿರಲಿ. ನಾಳೆ ಅದು ಮತ್ತೆ ಎದುರಾಗಲಿದೆ.

ನಾಲ್ಕನೆಯ ದಿನ: ಗುಡ್ಡದ ಮೇಲೆ

ಬೆಳಕು ಹರಿಯುವ ಹೊತ್ತಿಗೆ ಹೊರಡಬೇಕು. ಇಲ್ಲಿ ಅಂಜನಾದ್ರಿಯಂತೆ ಮೆಟ್ಟಿಲುಗಳಿಲ್ಲ. ಮುಳ್ಳುಕಂಟಿಗಳ ನಡುವೆ, ಬಂಡೆಗಳ ಮೇಲೆ, ಕಾಲುದಾರಿಯಲ್ಲಿ ಏರಬೇಕು. ಕರಡಿ, ಚಿರತೆಗಳು ಇರುವ ಸೀಮೆಯಾದುದರಿಂದ ಒಬ್ಬೊಬ್ಬರೇ ಹೋಗಬಾರದು. ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಬೇಕು. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು. ಮಕ್ಕಳ ಕೈಯನ್ನು ಹಿರಿಯರು ಹಿಡಿದಿರಲಿ.

ದಾರಿಯಲ್ಲಿ ಕಲ್ಲಾಸರೆಗಳು ಎದುರಾಗುತ್ತವೆ. ಅವುಗಳ ಒಳಮೈಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಜಿಂಕೆ, ಎತ್ತು, ಕುದುರೆ, ಆಯುಧ ಹಿಡಿದ ಮನುಷ್ಯರು, ಕೈ ಕೈ ಹಿಡಿದು ಕುಣಿಯುವವರು. ಇನ್ನೂ ಮೇಲೆ, ಬಂಡೆಗಳ ರಾಶಿಯ ಮೇಲೊಂದು ಅರ್ಧಗೋಲದ ದೊಡ್ಡ ಗುಂಡಿದೆ. ಮರದ ಕೊಡತಿಯಿಂದ ಬಡಿದರೆ ಅದು ನಗಾರಿಯಂತೆ ಮೊಳಗುತ್ತದೆ, ಸದ್ದು ದೂರದವರೆಗೂ ಕೇಳುತ್ತದೆ. ಸಾವಿನ ಸುದ್ದಿಯನ್ನು ಸಾರಲೆಂದು ಅದನ್ನು ಬಡಿಯುತ್ತಿದ್ದರೋ, ಜನರನ್ನು ಕೆಲಸಕ್ಕೆ ಕರೆಯಲೆಂದೋ, ಊಹಿಸಬಹುದಷ್ಟೇ. ನಮ್ಮ ದೇವಾಲಯಗಳ ಮರಣದ ಗಂಟೆಯನ್ನು ಕೇಳಿ ಬೆಳೆದ ನಮಗೆ ಮೊದಲನೆಯ ಊಹೆ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.

ಅನಂತರ ಸಮತಟ್ಟಾದ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಸಾಲು ಸಾಲಾಗಿ ಮನೆಗಳು. ಕೆಲವು ಆಳೆತ್ತರವನ್ನೂ ಮೀರಿದವು, ಕೆಲವು ಸೊಂಟದ ಮಟ್ಟಕ್ಕೂ ಬಾರದವು. ನಾಲ್ಕು ಕಡೆ ಚಪ್ಪಡಿಗಳು ಒಂದಕ್ಕೊಂದು ಆತುಕೊಂಡು ನಿಂತಿವೆ, ಮೇಲೊಂದು ಭಾರವಾದ ಚಪ್ಪಡಿ. ಹಲವು ಮನೆಗಳ ಒಂದು ಗೋಡೆಯಲ್ಲಿ ದುಂಡಾದ ಕಂಡಿಯಿದೆ. ಸಮೀಪದಲ್ಲಿಯೇ ಒಂದು ಕೊಳ. ಚಪ್ಪಡಿಗಳನ್ನು ಎಬ್ಬಿಸಿದ ಕಲ್ಲುಗಣಿಯ ಕೆಲಸದಿಂದಲೇ ಈ ಕೊಳ ಹಿಗ್ಗಿತೆಂದು ಇಲ್ಲಿ ಅಧ್ಯಯನ ಮಾಡಿದ ಸಂಶೋಧಕರು ತೋರಿಸಿದ್ದಾರೆ. ಸತ್ತವರಿಗೆ ಕಲ್ಲು ದೊರೆತ ಸ್ಥಳದಲ್ಲಿಯೇ ಬದುಕಿದ್ದವರಿಗೂ ಅವರ ದನಕರುಗಳಿಗೂ ನೀರು ದೊರೆಯಿತು.

ಊರವರು ಇದನ್ನು ಮೋರ್ಯರ ಗುಡ್ಡವೆಂದೂ, ಮನೆಗಳನ್ನು ಮೋರೇರ ಮನೆಗಳೆಂದೂ ಕರೆಯುತ್ತಾರೆ. ಮೋರೇರು ಗಿಡ್ಡ ಮನುಷ್ಯರಾಗಿದ್ದರು, ಬಹಳ ಬಲಶಾಲಿಗಳಾಗಿದ್ದರು, ಆ ಸಣ್ಣ ಕಂಡಿಗಳಲ್ಲಿಯೇ ನುಸುಳಿ ಒಳಗೆ ವಾಸಿಸುತ್ತಿದ್ದರು ಎಂಬ ಕಥೆಯಿದೆ. ಕಥೆಯನ್ನು ನಕ್ಕು ತಳ್ಳಬೇಕಾಗಿಲ್ಲ. ಕಾರಣ ತಿಳಿಯದ ಕಣ್ಣಿಗೆ ಕಂಡದ್ದನ್ನು ವಿವರಿಸುವ ಪ್ರಾಮಾಣಿಕ ಪ್ರಯತ್ನ ಅದು. ಮೋರ್ಯರೆಂದರೆ ಮೌರ್ಯರೇ ಎಂದು ಹೇಳುವವರೂ ಇದ್ದಾರೆ. ಮೊದಲ ದಿನ ನಾವು ಕಂಡ ಅಶೋಕನ ಶಾಸನಗಳು ಆ ಮಾತಿಗೆ ಪುಷ್ಟಿ ನೀಡುವಂತೆ ತೋರುತ್ತವೆ. ಆದರೆ ವಿದ್ವಾಂಸರು ಈ ಸಮಾಧಿಗಳ ಕಾಲವನ್ನು ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗೆ ಎಂದು ಗುರುತಿಸುತ್ತಾರೆ. ಅಶೋಕನು ಆಳಿದ್ದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ. ಅವನ ಅಕ್ಷರಗಳು ಕೊಪ್ಪಳಕ್ಕೆ ಬರುವ ಹೊತ್ತಿಗೆ ಇಲ್ಲಿನ ಅನೇಕ ಮನೆಗಳು ಶತಮಾನಗಳಷ್ಟು ಹಳೆಯವಾಗಿದ್ದವು. ಜೆರುಸಲೇಮಿನಲ್ಲಿ ಪ್ರವಾದಿ ಯೆಶಾಯನು ಸಾರುತ್ತಿದ್ದ ಕಾಲವೂ, ಬಾಬಿಲೋನಿಯಕ್ಕೆ ಸೆರೆಹೋದ ಇಸ್ರಯೇಲರು ಕಣ್ಣೀರಿಟ್ಟ ಕಾಲವೂ ಈ ಆರು ಶತಮಾನಗಳ ಒಳಗೇ ಬರುತ್ತವೆ.

ಇಂತಹ ಸಮಾಧಿಗಳನ್ನು ಪುರಾತತ್ತ್ವಜ್ಞರು ಬೃಹತ್ ಶಿಲಾ ಸಮಾಧಿಗಳೆಂದು ಕರೆಯುತ್ತಾರೆ. ಸುರಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ಭಾಗದ ಶಿಲಾಸಮಾಧಿಗಳನ್ನು ಪರಿಶೀಲಿಸಿ, ಯೂರೋಪಿನವುಗಳೊಂದಿಗೆ ಹೋಲಿಸಿ ಬರೆದನು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಇಂತಹ ಸಮಾಧಿಗಳೊಳಗೆ ಕಬ್ಬಿಣದ ಉಪಕರಣಗಳು, ಕಪ್ಪು-ಕೆಂಪು ಮಡಕೆಗಳು ಹಾಗೂ ಒಂದೇ ಸಮಾಧಿಯಲ್ಲಿ ಹಲವರ ಮೂಳೆಗಳು ದೊರೆತವು. ಕೆಲವೊಮ್ಮೆ ದೇಹವನ್ನು ಬೇರೆಡೆ ಇರಿಸಿ, ಆಮೇಲೆ ಮೂಳೆಗಳನ್ನು ಆಯ್ದು ತಂದು ಇಲ್ಲಿ ಇಡುತ್ತಿದ್ದರೆಂದು ಇದರಿಂದ ತಿಳಿಯುತ್ತದೆ. ಕಂಡಿಯ ಉಪಯೋಗವೂ ಸ್ವಲ್ಪ ಸ್ಪಷ್ಟವಾಗುತ್ತದೆ: ಅನಂತರ ಸತ್ತವರ ಅವಶೇಷಗಳನ್ನು ಒಳಗಿಡಲು, ಕಾಣಿಕೆ ಸಲ್ಲಿಸಲು ಅದು ತೆರೆದ ದಾರಿಯಾಗಿದ್ದಿರಬಹುದು. ಧಾರವಾಡದ ವಿದ್ವಾಂಸ ಅ. ಸುಂದರ ಅವರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಕ್ಷಿಣ ಭಾರತದ ಇಂತಹ ಕೋಣೆ ಸಮಾಧಿಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಹೀಗೆ ಕಲ್ಲು ನಿಲ್ಲಿಸಿದವರು ನಮ್ಮವರು ಮಾತ್ರವಲ್ಲ. ಬೈಬಲಿನ ನಾಡಿನಲ್ಲಿಯೂ, ಜೋರ್ಡನ್ ಕಣಿವೆಯ ದಾಮಿಯಾ ಎಂಬಲ್ಲಿ, ಇವುಗಳಿಗಿಂತಲೂ ಬಹಳ ಪುರಾತನವಾದ ಇಂತಹ ಸಮಾಧಿಗಳು ಗುಂಪುಗುಂಪಾಗಿವೆ. ಅಲ್ಲಿಯೂ ಕಲ್ಲುಗಣಿಗಾರಿಕೆ ಅವುಗಳನ್ನು ಕಬಳಿಸುತ್ತಾ ಬಂದಿದೆ.

ಒಂದು ಸರಳ ಲೆಕ್ಕ

ಈಗ ಸ್ವಲ್ಪ ಹೊತ್ತು ಕುಳಿತು ಒಂದು ಲೆಕ್ಕ ಮಾಡೋಣ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ದಪ್ಪದ ಒಂದು ಚಪ್ಪಡಿಯನ್ನು ಊಹಿಸಿಕೊಳ್ಳಿರಿ. ಗ್ರಾನೈಟಿನ ಸಾಂದ್ರತೆಯನ್ನು ಗಣಿಸಿದರೆ ಅದರ ತೂಕ ಸುಮಾರು 24 ಕ್ವಿಂಟಾಲ್. ಗಂಗಾವತಿಯ ರೈತರ ಭಾಷೆಯಲ್ಲಿ ಹೇಳುವುದಾದರೆ, 75 ಕಿಲೋ ತೂಗುವ 32 ಚೀಲ ಭತ್ತ. ಒಂದು ಮನೆಗೆ ಇಂತಹವು ನಾಲ್ಕೈದು ಬೇಕು. ಬಂಡೆಯ ಪದರದ ಬಿರುಕನ್ನು ಗುರುತಿಸಿ, ಎಬ್ಬಿಸಿ, ಅಂಚು ಬಡಿದು, ಎಳೆದು ತಂದು, ನಿಲ್ಲಿಸಿ, ಕೊನೆಗೆ ಒಂದನ್ನು ಮೇಲಕ್ಕೇರಿಸಬೇಕು. ಇದು ಒಂದು ಕುಟುಂಬದ ಕೈಲಾಗುವ ಕೆಲಸವಲ್ಲ, ಊರೇ ಸೇರಬೇಕು.

ಇನ್ನೊಂದು ಲೆಕ್ಕವೂ ಇದೆ. ಸುಮಾರು 600 ವರ್ಷಗಳ ಅವಧಿಗೆ ಸುಮಾರು 400 ಸಮಾಧಿಗಳು. ವರ್ಷಕ್ಕೊಂದು ಕೂಡ ಬೀಳುವುದಿಲ್ಲ. ಒಂದೊಂದರಲ್ಲಿ ಹಲವರನ್ನು ಇರಿಸಿದ್ದರೆಂದೇ ಭಾವಿಸಿದರೂ, ಅಷ್ಟು ಶತಮಾನಗಳಲ್ಲಿ ಈ ಸೀಮೆಯಲ್ಲಿ ಹುಟ್ಟಿ ಸತ್ತ ಎಲ್ಲರಿಗೂ ಇಲ್ಲಿ ಸ್ಥಳ ದೊರೆತಿರಲಾರದು. ಅವುಗಳ ಗಾತ್ರವೂ ಒಂದೇ ಸಮನಾಗಿಲ್ಲ. ಕೆಲವರಿಗೆ ಆಳೆತ್ತರದ ಮನೆ, ಕೆಲವರಿಗೆ ಸೊಂಟದೆತ್ತರದ್ದು, ಬಹುಪಾಲು ಜನರಿಗೆ ಏನೂ ಇಲ್ಲ.

ಇಲ್ಲಿಗೆ ಬಂದಾಗ ನಮ್ಮ ನಾಲ್ಕು ದಿನಗಳ ಪಯಣ ಒಂದು ಪ್ರಶ್ನೆಯಾಗಿ ನಿಲ್ಲುತ್ತದೆ. ಕಲ್ಲಿನ ಮನೆ ಪಡೆದವರನ್ನು ಕುರಿತು ನಾವು ಬೆರಗಾಗುತ್ತೇವೆ. ಆ ಕಲ್ಲುಗಳನ್ನು ಎಳೆದವರಲ್ಲಿ ಎಷ್ಟು ಮಂದಿಗೆ ಅಂತಹ ಮನೆ ದೊರೆಯಿತು? ಹಗ್ಗ ಹಿಡಿದ ಕೈಗಳು, ಕೆಲಸಗಾರರಿಗೆ ಗಂಜಿ ಕಾಯಿಸಿದ ಕೈಗಳು, ಚಪ್ಪಡಿ ಜಾರಿದಾಗ ಗಾಯಗೊಂಡ ಕೈಗಳು ಎಲ್ಲಿ ಮಲಗಿವೆ? ಗುಡ್ಡವು ಉತ್ತರಿಸುವುದಿಲ್ಲ. ನಿನ್ನೆ ನೆನೆದ ಗುಳೆಯ ಸಂಸಾರಗಳು ಈಗ ಮತ್ತೆ ನೆನಪಾಗುತ್ತವೆ. ಇಟಗಿಯಲ್ಲಿಯೂ ಹಾಗೆಯೇ, ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿಯೂ ಹಾಗೆಯೇ: ಕಟ್ಟಿಸಿದವರ ಹೆಸರು ಉಳಿಯುತ್ತದೆ, ಹೊತ್ತವರ ಹೆಸರು ಉಳಿಯುವುದಿಲ್ಲ.

ಸ್ವಂತ ಸಮಾಧಿಯಿಲ್ಲದ ಪ್ರಭು

ಪವಿತ್ರ ಗ್ರಂಥದಲ್ಲಿಯೂ ಸಮಾಧಿಯ ಪ್ರಶ್ನೆ ಬಹಳ ಮೊದಲೇ ಬರುತ್ತದೆ. ಆದಿಕಾಂಡದ 23ನೆಯ ಅಧ್ಯಾಯದಲ್ಲಿ ಪಿತಾಮಹ ಅಬ್ರಹಾಮನು ಪತ್ನಿ ಸಾರಳನ್ನು ಕಳೆದುಕೊಂಡು, ತಾನು ಪರದೇಶಿ, ಹೆಣ ಹೂಳಲು ತನಗೊಂದು ಜಾಗ ಬೇಕು ಎಂದು ಆ ಊರಿನವರ ಮುಂದೆ ತಲೆಬಾಗಿ ಬೇಡುತ್ತಾನೆ. ಮಕ್ಪೇಲದ ಗವಿಯನ್ನು 400 ಬೆಳ್ಳಿ ನಾಣ್ಯಗಳನ್ನು ತೂಗಿಕೊಟ್ಟು ಕೊಳ್ಳುತ್ತಾನೆ. ದೇವರು ವಾಗ್ದಾನ ಮಾಡಿದ ನಾಡಿನಲ್ಲಿ ಅವನು ತನ್ನದಾಗಿ ಪಡೆದ ನೆಲವೆಂದರೆ ಆ ಸಮಾಧಿಯ ನೆಲ. ಊರುಬಿಟ್ಟು ಬಂದವನಿಗೆ ಮಣ್ಣು ಸಿಗುವುದು ಎಷ್ಟು ಕಷ್ಟವೆಂಬುದನ್ನು ವಿಶ್ವಾಸಿಗಳೆಲ್ಲರ ತಂದೆಯೇ ಅನುಭವಿಸಿದ್ದಾನೆ.

ಇನ್ನು ನಮ್ಮ ಪ್ರಭು ಯೇಸುವಿನ ವಿಷಯ. ಸಂತ ಮತ್ತಾಯರ ಶುಭಸಂದೇಶ ಹೇಳುವಂತೆ, ಅರಿಮತಾಯದ ಜೋಸೆಫನು ತನಗಾಗಿ ಬಂಡೆಯಲ್ಲಿ ಕೊರೆಯಿಸಿದ್ದ ಹೊಸ ಸಮಾಧಿಯಲ್ಲಿ ಅವರ ದೇಹವನ್ನು ಇಟ್ಟನು. ಪ್ರಭುವಿಗೆ ಸ್ವಂತ ಸಮಾಧಿಯಿರಲಿಲ್ಲ. ಹುಟ್ಟುವಾಗ ಇತರರ ಗೋದಲಿ, ಸಾಯುವಾಗ ಇತರರ ಸಮಾಧಿ. ಅದೇ ಅಧ್ಯಾಯದಲ್ಲಿ, ಪ್ರಭುವನ್ನು ಮಾರಿದ ಹಣದಿಂದ ಪರದೇಶದವರನ್ನು ಹೂಳಲು ಕುಂಬಾರನ ಹೊಲವನ್ನು ಕೊಂಡರೆಂಬ ಮಾತೂ ಬರುತ್ತದೆ. ಆ ಕ್ರಯ ಮಾಡಿದವರ ಮನಸ್ಸು ಏನೇ ಇದ್ದಿರಲಿ, ಪ್ರಭುವಿನ ಬೆಲೆಯಿಂದ ಮಣ್ಣು ದೊರೆತದ್ದು ಊರಿಲ್ಲದವರಿಗೆ.

ಆದುದರಿಂದ ಮೋರ್ಯರ ಗುಡ್ಡದ ಮೇಲೆ ನಿಂತಾಗ ಕ್ರೈಸ್ತನು ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿ ಮಲಗಿದವರು ಕ್ರಿಸ್ತರಿಗಿಂತ ಮೊದಲಿನವರು. ಅವರ ನಂಬಿಕೆ ಏನೆಂಬುದನ್ನು ನಾವು ನಮ್ಮ ಮಾತಿನಲ್ಲಿ ತುಂಬಲು ಹೋಗಬಾರದು. ಆ ಕಂಡಿಯಲ್ಲಿ ಪುನರುತ್ಥಾನದ ಬಾಗಿಲನ್ನು ಕಂಡೆವೆಂದು ಹೇಳುವುದು ಇತಿಹಾಸವಲ್ಲ. ಆದರೆ ದೇವರೊಬ್ಬರೇ ಬಲ್ಲ ವಿಶ್ವಾಸವುಳ್ಳ ಮೃತರನ್ನೂ ನಾವು ಬಲಿಪೂಜೆಯಲ್ಲಿ ಸ್ಮರಿಸುತ್ತೇವೆ. ಆ ಸ್ಮರಣೆಯಲ್ಲಿ ಕಲ್ಲಿನ ಮನೆ ಪಡೆದವರಿಗೂ, ಕಲ್ಲು ಹೊತ್ತು ಬರಿಮಣ್ಣಿನಲ್ಲಿ ಕರಗಿದವರಿಗೂ ಸಮಾನ ಸ್ಥಾನವಿದೆ.

ಇಳಿಯುವ ಮುನ್ನ

ಗುಡ್ಡದ ಮೇಲೆ ಸುತ್ತಾಡುವಾಗ ಇನ್ನೊಂದು ನೋವಿನ ನೋಟ ಕಾಣುತ್ತದೆ. ಅನೇಕ ಮನೆಗಳು ಬಿದ್ದಿವೆ. ಕೆಲವು ಕಾಲದ ಹೊಡೆತಕ್ಕೆ, ಕೆಲವು ನಿಧಿಯಾಸೆಗೆ ಅಗೆದವರ ಹೊಡೆತಕ್ಕೆ. ಬಂಗಾರ ಸಿಗುವುದೆಂದು ಮೂಳೆಗಳ ಮನೆಯನ್ನು ಕೆಡವುವವರಿದ್ದಾರೆ. ಎರಡೂವರೆ ಸಾವಿರ ವರ್ಷಗಳ ಬಂಡೆಯ ಮೇಲೆ ತಮ್ಮ ಹೆಸರನ್ನು ಬರೆಯುವವರಿದ್ದಾರೆ. ಈ ತಾಣವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ನಿರ್ಜನ ಗುಡ್ಡದ ಮೇಲೆ ಕಾನೂನಿಗಿಂತ ಮೊದಲು ಕಾಯಬೇಕಾದದ್ದು ಹೋದವರ ಮನಸ್ಸಾಕ್ಷಿ. ಜೋರ್ಡನ್ ನದಿಯನ್ನು ದಾಟಿದ ಬಳಿಕ ಯೆಹೋಶುವನು ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿ, ಮುಂದೆ ಮಕ್ಕಳು ಇವುಗಳ ಅರ್ಥವೇನೆಂದು ಕೇಳಿದಾಗ ತಿಳಿಸಿ ಹೇಳಬೇಕೆಂದು ಜನರಿಗೆ ಆಜ್ಞಾಪಿಸಿದನು. ನಿಮ್ಮ ಮಕ್ಕಳೂ ಕೇಳುತ್ತಾರೆ. ಹೇಳಲು ಕಲ್ಲೂ ಉಳಿದಿರಬೇಕು, ನಮಗೆ ಉತ್ತರವೂ ತಿಳಿದಿರಬೇಕು.

ಬೆಟ್ಟದ ಪಯಣವು ತುದಿಯಲ್ಲಿ ಮುಗಿಯುವುದಿಲ್ಲ. ಮನೆಗೆ ಮರಳಿದಾಗ ಮುಗಿಯುತ್ತದೆ. ಮರಳಿ ಬಂದವರು ಮಾಡಬಹುದಾದ ಒಂದು ಕೆಲಸವನ್ನು ಹೇಳಿ ಈ ಬರಹವನ್ನು ಮುಗಿಸುತ್ತೇನೆ. 1614ರಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವು ಪ್ರತಿಯೊಂದು ಧರ್ಮಕೇಂದ್ರವೂ ಮೃತರ ದಾಖಲೆಯ ಪುಸ್ತಕವನ್ನು ಇಡಬೇಕೆಂದು ವಿಧಿಸಿತು. ಅಂದಿನಿಂದ ಜಮೀನ್ದಾರನಿಗೂ ಕೂಲಿಯವನಿಗೂ ಆ ಪುಸ್ತಕದಲ್ಲಿ ದೊರೆಯುವುದು ಒಂದೊಂದೇ ಸಾಲು. ಹೆಸರು, ದಿನ, ಮಣ್ಣು ಮಾಡಿದ ಸ್ಥಳ, ಅಷ್ಟೇ. ಅಲ್ಲಿ ಆಳೆತ್ತರದ ಸಾಲಿಲ್ಲ, ಸೊಂಟದೆತ್ತರದ ಸಾಲೂ ಇಲ್ಲ. ನಮ್ಮ ಸಮಾಧಿಭೂಮಿಗಳಲ್ಲಿ ಅಮೃತಶಿಲೆಯ ಗೋರಿಗಳ ಪಕ್ಕದಲ್ಲಿ ಮರದ ಶಿಲುಬೆಯೂ ಉಳಿಯದ ಮಣ್ಣಿನ ದಿಬ್ಬಗಳಿವೆಯಲ್ಲವೇ? ಗುಳೆ ಹೋದ ಊರಿನಲ್ಲಿಯೇ ಕಣ್ಮುಚ್ಚಿ, ಅಲ್ಲಿಯೇ ಮಣ್ಣಾಗಿ, ಇಲ್ಲಿನವರ ಬಾಯಲ್ಲಿ ಮಾತ್ರ ಉಳಿದವರಿದ್ದಾರಲ್ಲವೇ?

ಈ ನವೆಂಬರಿನಲ್ಲಿ, ನಿಮ್ಮ ಮನೆಯ ಹಿರಿಯರೊಬ್ಬರ ಬಳಿ ಕುಳಿತು ಅಂತಹ ಹೆಸರುಗಳನ್ನು ಕೇಳಿರಿ. ಅಜ್ಜಿಗೆ ನೆನಪಿರುತ್ತದೆ: ಯಾರ ಮಗ ಯಾವ ವರ್ಷದ ಬರಗಾಲದಲ್ಲಿ ಹೋದನು, ಮರಳಿ ಬರಲಿಲ್ಲ ಎಂದು. ಕೇಳಿದ ಹೆಸರನ್ನು ಒಂದು ಕಾಗದದಲ್ಲಿ ಬರೆದು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಕೊಡಿರಿ. ಸಕಲ ಮೃತರ ಸ್ಮರಣೆಯ ದಿನ ಪೀಠದ ಮುಂದೆ ಆ ಹೆಸರನ್ನು ಓದಲಿ. ಮೂವತ್ತೆರಡು ಚೀಲ ಭತ್ತದಷ್ಟು ಭಾರದ ಕಲ್ಲನ್ನು ಎತ್ತುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಒಂದು ಹೆಸರನ್ನು ಎತ್ತಿ ಹೇಳುವ ಶಕ್ತಿ ಎಲ್ಲರಿಗೂ ಇದೆ.